ಟ್ಯಾಂಕಿಗೆ ನೀರು ತುಂಬುವ ಮೊದಲು

ಅಕ್ಕೋರೆ, ಮೆಹಕರದಾಗ ನಮ್ಮದೊಂದು ಸಣ್ಣ ಬಣ್ಣದ ಮೀನಿನ ದುಕಾನ ಅದ. ಹೋದ ತಿಂಗಳು ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಮ್ಯಾಲಿನ ಸಾಲಿನ ಟ್ಯಾಂಕೆಲ್ಲ ಒಡೆದು ಹೋದವು, ಮೀನು ಸತ್ತವು. ಬಾಗಿಲ ಹತ್ತಿರ ನೆಲದ ಮ್ಯಾಲಿದ್ದ ಎರಡು ಟ್ಯಾಂಕಿನ ಗೌರಾಮಿ, ಮಾಲಿ ಅಷ್ಟೇ ಉಳಿದಾವ. ಎಲ್ಲಾ ಮೋಟರ್, ಲೈಟು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೆ ಅಂತ ನಮ್ಮ ಮನಿಯವರು ಈಗ ಅಂತಾರ. ರಾತ್ರಿ ಎದ್ದು ಕೂಡತಾರ. ಒಂದು ದಿನ ‘ದೀಪಾವಳಿಗೆ ಮೊದಲ ತೆರೀತೀನಿ, ನಿನ್ನ ಬಂಗಾರ ಕೊಡು’ ಅಂತಾರ. ಮರುದಿನ ‘ಎಲ್ಲಾ ಮುಗೀತು, ಹೈದರಾಬಾದಿಗೆ ಕೆಲಸಕ್ಕ ಹೋಗ್ತೀನಿ’ ಅಂತಾರ. ಮೂಕ ಜೀವ ಗಾಜಿನಾಗ ಇಟ್ಟು ಮಾರಿದ್ದಕ್ಕ ಶಾಪ ತಟ್ಟ್ಯಾದ ಅಂತ ಅತ್ತಿಯವರ ಮಾತು. ಬ್ಯಾಂಕಿನ ಮುದ್ರಾ ಸಾಲ ಅದ, ನನ್ನ ಹೆಸರಿಲೆ ಸಂಘದ ಸಾಲ ಅದ. ದುಕಾನ ತೆರೀಬೇಕೋ ಬಿಡಬೇಕೋ ತಿಳಿವಲ್ದು.
— ಓದುಗಿ, ಮೆಹಕರ (ಭಾಲ್ಕಿ ತಾಲ್ಲೂಕು)

ತಂಗಿ, ದುಕಾನ ತೆರೆಯಿರಿ. ಆದರೆ ದೀಪಾವಳಿಗೆ ಬೇಡ, ಬಂಗಾರ ಮಾರಿ ಬೇಡ, ಮೊದಲಿದ್ದಷ್ಟು ದೊಡ್ಡದಾಗಿಯೂ ಬೇಡ.

ಮೊದಲು ನಿಮ್ಮ ಮನೆಯವರ ವಿಷಯ. ನಾಳೆಯೇ ತೆರೆಯುವ ಆತುರ, ಎಲ್ಲ ಬಿಟ್ಟು ಹೋಗುವ ನಿರಾಸೆ ಬೇರೆಬೇರೆಯಾಗಿ ಕಂಡರೂ ಎರಡರ ಒಳಗೂ ಆ ರಾತ್ರಿಯನ್ನು ಹೇಗಾದರೂ ಮರೆಯಬೇಕೆಂಬ ತಳಮಳವೇ ಇದೆ. ‘ನಿಮ್ಮದೇನೂ ತಪ್ಪಿಲ್ಲ ಬಿಡ್ರಿ’ ಎಂದು ಸಮಾಧಾನ ಹೇಳಲು ಹೋಗಬೇಡಿ. ಬೋರ್ಡಿನ ಸಂಗತಿ ಅವರಿಗೇ ಗೊತ್ತಿರುವುದರಿಂದ ಆ ಮಾತು ಅವರೊಳಗೆ ಇಳಿಯುವುದಿಲ್ಲ. ಬದಲಿಗೆ ಅಂದು ಏನಾಯಿತು ಎಂಬುದನ್ನು ಇಬ್ಬರೂ ಕೂತು ಪೂರ್ತಿ ಮಾತಾಡಿ. ಇಂಥ ಬೆಂಕಿಯಲ್ಲಿ ಒಡೆಯದ ಟ್ಯಾಂಕಿನ ಮೀನೂ ಉಸಿರು ಕಟ್ಟಿ ಸಾಯಬಹುದು. ಕರೆಂಟು ಹೋದೊಡನೆ ಏರ್ ಮೋಟರ್ ನಿಲ್ಲುತ್ತದೆ. ಮೀನು ತುಂಬಿದ ಟ್ಯಾಂಕಿನಲ್ಲಿ ನೀರಿನೊಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಪ್ಲಾಸ್ಟಿಕ್ಕು, ಥರ್ಮಾಕೋಲು ಸುಟ್ಟ ಹೊಗೆಯ ಮಸಿ ನೀರಿನ ಮೇಲೆ ಪದರ ಕಟ್ಟುತ್ತದೆ. ಬಿಸಿ ಹೊಗೆ ಮೇಲಕ್ಕೇ ಏರುವುದರಿಂದ ನೆಲದ ಮೇಲಿದ್ದವು ಬದುಕಿದವು. ಅದರಲ್ಲೂ ಗೌರಾಮಿಗೆ ನೀರಿನ ಮೇಲೆ ಬಂದು ನೇರ ಗಾಳಿ ಎಳೆದುಕೊಳ್ಳುವ ಅಂಗವೇ ಇದೆ.

2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಅಲ್ಲಿನ ದೊಡ್ಡ ಮತ್ಸ್ಯಾಲಯದ ಕಟ್ಟಡ ಗಟ್ಟಿಯಾಗಿಯೇ ನಿಂತಿತ್ತು. ಆದರೆ ಜನರೇಟರ್ ಕೈಕೊಟ್ಟು ಸುಮಾರು 10,000 ಮೀನುಗಳಲ್ಲಿ ಬಹುಪಾಲು ಸತ್ತವು. ಅಷ್ಟು ದುಡ್ಡು, ಅಷ್ಟು ತಜ್ಞರಿದ್ದ ಸಂಸ್ಥೆ ಮತ್ತೆ ಬಾಗಿಲು ತೆರೆದದ್ದು 2006ರ ಮೇ ತಿಂಗಳಲ್ಲಿ. ಇದನ್ನು ನಿಮ್ಮವರಿಗೆ ಹೇಳಿ. ಒಂದು ದೀಪಾವಳಿ ತಪ್ಪಿದರೆ ನಾಚುವಂಥದ್ದೇನೂ ಇಲ್ಲ.

ಅತ್ತೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಮ್ಮ ಬೀದರ್ ಕಡೆಯ ಎಷ್ಟೋ ಮನೆಗಳಲ್ಲಿ ಮೀನೆಂದರೆ ದೂರ ಸರಿಯುತ್ತಾರೆ. ಮಗ ಮೀನಿನ ವ್ಯಾಪಾರಕ್ಕೆ ಇಳಿದ ದಿನದಿಂದಲೇ ಅವರಿಗೆ ಒಳಗೊಳಗೆ ಕಸಿವಿಸಿ ಇದ್ದಿರಬಹುದು. ಸಾಕಿದ ಜೀವ ಸತ್ತಿತಲ್ಲ ಎಂಬ ಅವರ ಸಂಕಟ ಖರೆ, ಶಾಪ ಎಂಬುದು ಖರೆ ಅಲ್ಲ. ಸಮಾಧಾನಕ್ಕೆ ಪೂಜೆ ಮಾಡಿಸುತ್ತಾರೆಯೇ, ಮಾಡಿಸಲಿ. ಪೂಜೆಗೆ ಮೊದಲು ವೈರಿಂಗ್ ಮುಗಿದಿರಬೇಕು, ನನ್ನ ಷರತ್ತು ಅಷ್ಟೇ.

ಆ ವೈರಿಂಗ್ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ನಿಮ್ಮ ಮುಂದಿನ ನಿದ್ದೆಯೆಲ್ಲ ಅದರ ಮೇಲೆ ನಿಂತಿದೆ. ಹಳೆಯ ವೈರನ್ನು ಟೇಪು ಸುತ್ತಿ ಬಳಸಬೇಡಿ, ಪೂರ್ತಿ ಕಿತ್ತು ಹಾಕಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಪ್ರತಿ ಸಾಲಿಗೆ ಬೇರೆ ಲೈನ್ ಎಳೆಸಿ, ಗೋಡೆಯ ಸಾಕೆಟ್ಟುಗಳನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಹಾಕಿಸಿ. ಮೋಟರಿನ ವೈರು ಸಾಕೆಟ್ಟಿಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಎಂ.ಸಿ.ಬಿ. ಒಂದಿದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಲೋಡ್ ಹೆಚ್ಚಾದಾಗ, ಶಾರ್ಟ್ ಆದಾಗ ಬೀಳುತ್ತದೆ. ಕರೆಂಟಿನ ಸಣ್ಣ ಸೋರಿಕೆ ಅದಕ್ಕೆ ತಿಳಿಯುವುದಿಲ್ಲ. ಆ ಸೋರಿಕೆ ಹಿಡಿಯಲು 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಬೇಕು. ಇನ್ನು ಲೂಸ್ ಕನೆಕ್ಷನ್‌ನಿಂದ ಬೋರ್ಡು ಕಾದು ಕರಗುವುದನ್ನು ಇವೆರಡೂ ತಡೆಯಲಾರವು. ಆದ್ದರಿಂದ ರಾತ್ರಿ ಷಟರ್ ಎಳೆಯುವ ಮೊದಲು ಪ್ಲಗ್ಗುಗಳನ್ನು ಮುಟ್ಟಿ ನೋಡುವ ರೂಢಿ ಆಗಬೇಕು. ಬೆಚ್ಚಗಿದ್ದರೆ ಅದು ದೋಷವೇ. ಬೆಂಕಿ ಆರಿಸಲು ಸಿ.ಒ.2 ಸಿಲಿಂಡರ್ ಇಡಿ. ಎಲ್ಲೆಡೆ ಸಿಗುವ ಎ.ಬಿ.ಸಿ. ಪುಡಿ ಬೆಂಕಿ ಆರಿಸುತ್ತದೆ ನಿಜ, ಆದರೆ ಅದು ಹೆಚ್ಚಾಗಿ ಅಮೋನಿಯಂ ಫಾಸ್ಫೇಟ್. ಟ್ಯಾಂಕಿಗೆ ಬಿದ್ದರೆ ಉಳಿದ ಮೀನಿಗೂ ಅಪಾಯ.

ಒಡೆಯದೆ ಉಳಿದ ಟ್ಯಾಂಕುಗಳ ಮೇಲೆ ನಂಬಿಕೆ ಇಡಬೇಡಿ. ಕಾವಿಗೆ ಸಿಲಿಕೋನ್ ಅಂಟು ಸಡಿಲಾಗಿರಬಹುದು. ಹೊರಗೆ ಸಮತಟ್ಟಾದ ನೆಲದ ಮೇಲಿಟ್ಟು ನೀರು ತುಂಬಿ ಎರಡು ದಿನ ನೋಡಿ. ಅದರಲ್ಲಿ ಪಾಸಾದವನ್ನೂ ನೀವೇ ಬಳಸಿ, ಗಿರಾಕಿಗೆ ಮಾರಬೇಡಿ. 2×1×1 ಅಡಿಯ ಟ್ಯಾಂಕಿನಲ್ಲಿ ನೀರೇ 56 ಕಿಲೋ ಆಗುತ್ತದೆ. ಅರ್ಧ ಸುಟ್ಟ ಕಟ್ಟಿಗೆಯ ಸ್ಟ್ಯಾಂಡ್ ಅಷ್ಟು ಭಾರ ತಡೆಯದು. ಹೊಗೆ ಕುಡಿದ ಮೀನಿನ ಫುಡ್ಡು, ಔಷಧಿ, ಪ್ಲಾಸ್ಟಿಕ್ ಗಿಡ ಎಲ್ಲ ಕಸಕ್ಕೆ.

ಮೀನು ಬದುಕಿರುವ ಆ ಎರಡು ಟ್ಯಾಂಕೇ ಈಗ ನಿಮ್ಮ ಬಂಡವಾಳ, ಅವುಗಳಲ್ಲಿರುವ ಗೌರಾಮಿ, ಮಾಲಿಗಿಂತಲೂ ಫಿಲ್ಟರಿನ ಸ್ಪಂಜು ಹೆಚ್ಚು ಬೆಲೆಯದು. ಮೀನಿನ ಹೇಲು ಉಚ್ಚೆಯಿಂದ ಹುಟ್ಟುವ ಅಮೋನಿಯಾವನ್ನು ಕಡಿಮೆ ವಿಷದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಮನೆ ಮಾಡಿರುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ತಾವಾಗಿ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ದೀಪಾವಳಿಗೆ ಬೇಡ ಎಂದದ್ದು ಇದಕ್ಕೇ. ಈಗ ಸಾಲ ಮಾಡಿ ಮೀನು ತಂದು ಹೊಸ ನೀರಿಗೆ ಬಿಟ್ಟರೆ ಎರಡು ವಾರದಲ್ಲಿ ಅವೂ ಸತ್ತಾವು, ಎರಡನೇ ಸಾವನ್ನು ನಿಮ್ಮವರು ತಡೆದುಕೊಳ್ಳಲಾರರು. ಹಳೆಯ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆಯಬೇಡಿ. ಅದರ ಒಂದೊಂದು ತುಂಡನ್ನು ಹೊಸ ಟ್ಯಾಂಕುಗಳಿಗೆ ಹಾಕಿದರೆ ಅಲ್ಲೂ ಬ್ಯಾಕ್ಟೀರಿಯಾ ಬೇಗ ಕುದುರುತ್ತವೆ. ಮೊದಲ ಮೂರು ತಿಂಗಳು ನಾಲ್ಕಾರು ಟ್ಯಾಂಕು ಸಾಕು. ನಿಮ್ಮ ಭಾಗದ ಕರಿನೆಲದ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಗಪ್ಪಿ, ಮಾಲಿ, ಪ್ಲಾಟಿಗೆ ಅದು ಹಿತ, ಅವು ಮರಿಯನ್ನೂ ಅಲ್ಲೇ ಹಾಕುತ್ತವೆ. ಡಿಸ್ಕಸ್ಸು, ನಿಯಾನ್ ಟೆಟ್ರಾಗಳ ಆಸೆ ಸದ್ಯ ಬಿಡಿ.

ದುಡ್ಡಿನ ವಿಷಯದಲ್ಲಿ ನೀವು ನೋಡದೇ ಬಿಟ್ಟಿರಬಹುದಾದ ಒಂದು ಸಂಗತಿ ಇದೆ. ಅಂಗಡಿಯ ಮಾಲಿನ ಮೇಲೆ ಸಾಲ ಕೊಡುವಾಗ ಬ್ಯಾಂಕು ಅನೇಕ ಸಲ ತಾನೇ ವಿಮೆ ಮಾಡಿಸಿ ಪ್ರೀಮಿಯಂ ಅನ್ನು ಸಾಲದ ಖಾತೆಯಿಂದಲೇ ಕಡಿದುಕೊಂಡಿರುತ್ತದೆ, ಸಾಲಗಾರರಿಗೆ ಅದು ಗೊತ್ತೇ ಇರುವುದಿಲ್ಲ. ಪಾಸ್‌ಬುಕ್ ತೆರೆದು ಅಂಥ ಕಡಿತ ಇದೆಯೇ ನೋಡಿ. ಇದ್ದರೆ ವಿಮಾ ಕಂಪನಿಗೆ ಇವತ್ತೇ ಲಿಖಿತವಾಗಿ ತಿಳಿಸಿ. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಸಾಮಾನು ಎಸೆಯಬೇಡಿ, ಎಸೆದಾಗಿದ್ದರೆ ಫೋಟೋ ಹುಡುಕಿ. ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಪ್ರತಿ ಎರಡೂ ಬೇಕು. ಬಿಲ್ಲು ಸುಟ್ಟಿದ್ದರೆ ಹೋಲ್‌ಸೇಲ್ ವ್ಯಾಪಾರಿಯ ವಾಟ್ಸ್ಆ್ಯಪ್ ಸಂದೇಶ, ಫೋನ್‌ಪೇ ಲೆಕ್ಕ ನೆರವಿಗೆ ಬರುತ್ತವೆ. ಜೀವಂತ ಮೀನು ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನು ಓದಿಯೇ ತಿಳಿಯಬೇಕು. ಕಂಪನಿ ಪರಿಹಾರ ಕೊಡಲು ಒಪ್ಪದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀಸಿಲ್ಲ.

ವಿಮೆ ಇಲ್ಲವೆಂದಾದರೆ ಕಂತು ತಪ್ಪುವ ಮೊದಲೇ ಮ್ಯಾನೇಜರಿಗೆ ಅರ್ಜಿ ಕೊಟ್ಟು ಕಾಲಾವಕಾಶ ಕೇಳಿ. ಸಂಘದ ಅಕ್ಕಂದಿರಿಗೂ ಈಗಲೇ ಹೇಳಿ. ಮುಚ್ಚಿಟ್ಟರೆ ಆಮೇಲೆ ಮಾತು ಕೇಳಬೇಕಾಗುತ್ತದೆ. ವಸೂಲಿಗೆ ಬಂದು ಬೆದರಿಸುವ ಸಣ್ಣ ಸಾಲದವರ ವಿರುದ್ಧ 2025ರಲ್ಲಿ ಕರ್ನಾಟಕ ಕಾನೂನು ಮಾಡಿದೆ. ಹಾಗೆಂದು ಖಾಸಗಿ ಬಡ್ಡಿಯವರ ಬಾಗಿಲಿಗೆ ಹೋಗಬೇಡಿ. ತವರಿನ ಬಂಗಾರ ನಿಮ್ಮದು, ಕೊಡುವುದಿಲ್ಲ ಎನ್ನಲು ಹಿಂಜರಿಯಬೇಕಿಲ್ಲ. ತೀರಾ ಬೇಕಾದರೆ ವೈರಿಂಗ್ ಖರ್ಚಿನಷ್ಟಕ್ಕೆ ಮಾತ್ರ ಒಂದು ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಡಿ.

ಇನ್ನೆರಡು ವಾರವೂ ಅವರಿಗೆ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಬದುಕೇ ಬೇಡ ಎಂಬಂಥ ಮಾತು ಒಮ್ಮೆಯಾದರೂ ಬಂದರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಈ ದಿನಗಳಲ್ಲಿ ಉಳಿದ ಎರಡು ಟ್ಯಾಂಕಿನ ಕಾಲು ಭಾಗ ನೀರು ಬದಲಿಸುವ ಕೆಲಸ ಅವರಿಗೇ ಬಿಡಿ, ನೀವು ಮಾಡಲು ಹೋಗಬೇಡಿ.

ಬ್ಯಾಂಕಿಗೆ ಹೋಗುವಾಗ ಗಂಡ ಹೆಂಡತಿ ಇಬ್ಬರೂ ಹೋಗಿ. ಪಾಸ್‌ಬುಕ್, ಅಗ್ನಿಶಾಮಕ ವರದಿಯ ಜೆರಾಕ್ಸ್ ಜೊತೆಗಿರಲಿ.