ಹಳೇ ಜೀಪಿನ ಡಿಫರೆನ್ಷಿಯಲ್ ಆಯಿಲ್: ಬದಲಿಸುವ ಕ್ರಮದೊಳಗಿನ ವಿಜ್ಞಾನ



ಗುಡ್ಡದ ಊರುಗಳ ಮಕ್ಕಳಿಗೆ ಫೋರ್‌ವೀಲ್ ಜೀಪು ಹೊಸದಲ್ಲ. ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪೆನಿ 1947ರಲ್ಲಿ ಮುಂಬೈಯಲ್ಲಿ ಜೋಡಿಸಲು ಶುರುಮಾಡಿತು. ಆ ವಂಶದ ಹಳೇ ಜೀಪುಗಳು ಇನ್ನೂ ಕೆಲವು ಕಡೆ ಓಡುತ್ತಿವೆ. ಅಂಥ ಜೀಪಿನ ಅಡಿಭಾಗವನ್ನು ಬಗ್ಗಿ ನೋಡಿ. ಮುಂದಿನ ಆಕ್ಸಲ್‌ನಲ್ಲೊಂದು, ಹಿಂದಿನದರಲ್ಲೊಂದು ಕುಂಬಳಕಾಯಿಯ ಹಾಗೆ ಉಬ್ಬಿದ ಭಾಗ ಕಾಣುತ್ತದೆ. ಅದರೊಳಗೆ ಇರುವುದೇ ಡಿಫರೆನ್ಷಿಯಲ್.

ಎಂಜಿನ್‌ಗೆ ಆಯಿಲ್ ಪಂಪ್ ಇದೆ, ಆಯಿಲಿನ ಒತ್ತಡ ತೋರಿಸುವ ಮೀಟರ್ ಇದೆ. ಡಿಫರೆನ್ಷಿಯಲ್‌ಗೆ ಎರಡೂ ಇಲ್ಲ. ಒಳಗಿನ ಆಯಿಲ್ ಕೆಟ್ಟರೂ ಅದು ಹೇಳಿಕೊಳ್ಳುವುದಿಲ್ಲ. ‘ಗುಂಯ್’ ಅನ್ನುವ ಸದ್ದು ಕೇಳಿಸುವ ಹೊತ್ತಿಗೆ ಹಲ್ಲುಗಳು ಸವೆದಾಗಿರುತ್ತವೆ. ಹಾಗಾಗಿ ಸದ್ದು ಬರುವ ಮೊದಲೇ ತೆರೆದು ನೋಡಬೇಕು.

ಅದರ ಕೆಲಸ ಏನು?

ತಾಳವಾಡಿಯ ದಾರಿಯಲ್ಲಿ ಸಿಗುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಜೀಪಿನ ಎಡ ಬಲ ಚಕ್ರಗಳ ನಡುವೆ ಸುಮಾರು 1.2 ಮೀಟರ್ ಅಂತರ ಎಂದುಕೊಳ್ಳಿ. ಅರ್ಧ ವೃತ್ತದಷ್ಟು ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 3.14 × 1.2, ಅಂದರೆ ಸುಮಾರು 3.8 ಮೀಟರ್ ಹೆಚ್ಚು ಓಡಬೇಕು. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಟಯರು ರಸ್ತೆಗೆ ಉಜ್ಜಿಕೊಂಡೇ ತಿರುಗಬೇಕಾಗುತ್ತಿತ್ತು. ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಬಲ ಕೊಡುತ್ತದೆ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ. ನಿಯಮ ಸರಳ: ಎರಡು ಚಕ್ರಗಳ ವೇಗದ ಸರಾಸರಿಯೇ ಕ್ರೌನ್ ವೀಲ್‌ನ ವೇಗ.

ಕ್ರೌನ್ ವೀಲ್ ಎಂದರೆ ಒಳಗಿರುವ ದೊಡ್ಡ ಹಲ್ಲುಚಕ್ರ. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ವಿಲ್ಲಿಸ್ ಸಿಜೆ-3ಬಿ ಜೀಪಿನಲ್ಲಿ ಇವುಗಳ ಹಲ್ಲುಗಳು 43 ಮತ್ತು 8. ಪಿನಿಯನ್ 5.38 ಸುತ್ತು ತಿರುಗಿದರೆ ಕ್ರೌನ್ ವೀಲ್ ಒಂದು ಸುತ್ತು. ವೇಗ ಕಡಿಮೆಯಾಗಿ ತಿರುಗಿಸುವ ಬಲ ಹೆಚ್ಚುತ್ತದೆ. ಆ ಬಲವೆಲ್ಲ ಕೆಲವೇ ಹಲ್ಲುಗಳ ಸಣ್ಣ ಜಾಗದ ಮೇಲೆ ಬೀಳುತ್ತದೆ. ಜೊತೆಗೆ ಹಲ್ಲುಗಳು ಒಂದರ ಮೇಲೊಂದು ಜಾರುತ್ತವೆ. ಘರ್ಷಣೆ ಇರುವುದೇ ಇಲ್ಲಿ.

ಈ ಆಯಿಲ್ ಬೇರೆ ಯಾಕೆ?

ಇಷ್ಟು ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೇ ಗಿಯರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಹಲ್ಲುಗಳು ಉಜ್ಜಿ ಬಿಸಿಯಾದ ಕಡೆ ಇವು ಕಬ್ಬಿಣದ ಜೊತೆ ವರ್ತಿಸಿ ತೆಳುವಾದ ರಕ್ಷಕ ಪದರ ಕಟ್ಟುತ್ತವೆ. ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಗಂಧಕದ ಸಂಯುಕ್ತಗಳದ್ದು. ಡಬ್ಬಿಯ ಮೇಲೆ ‘80ಡಬ್ಲ್ಯು-90, ಜಿಎಲ್-5’ ಎಂದಿರುತ್ತದೆ. ಆದರೆ ಇದೇ ಆಯಿಲ್ ಹಳೇ ಗಿಯರ್ ಬಾಕ್ಸ್‌ಗೆ ಸರಿಹೋಗದೆ ಇರಬಹುದು, ಏಕೆಂದರೆ ಅಲ್ಲಿನ ತಾಮ್ರ ಬೆರೆತ ಮಿಶ್ರಲೋಹದ ಭಾಗಗಳನ್ನು ಗಂಧಕ ತಿನ್ನಬಲ್ಲದು. ಯಾವುದಕ್ಕೆ ಯಾವುದು ಎಂದು ವಾಹನದ ಪುಸ್ತಕ ನೋಡಿಯೇ ಹಾಕಬೇಕು.

ಬದಲಿಸುವ ಕ್ರಮ

ಈ ಕೆಲಸವನ್ನು ದೊಡ್ಡವರು ಮಾಡುವಾಗ ನೀವು ಪಕ್ಕದಲ್ಲಿ ನಿಂತು ನೋಡಿ. ಜೀಪಿನ ಅಡಿಗೆ ಹೋಗಬೇಡಿ.

1. ಮೊದಲು ಐದಾರು ಕಿಲೋಮೀಟರ್ ಓಡಿಸಬೇಕು. ಬಿಸಿಯಾದರೆ ಆಯಿಲಿನ ಸ್ನಿಗ್ಧತೆ ಕಡಿಮೆಯಾಗುತ್ತದೆ. ಆಗ ಅದು ಬೇಗ ಇಳಿಯುತ್ತದೆ, ತಳದ ಕೊಳೆಯೂ ಜೊತೆಗೆ ಬರುತ್ತದೆ.

2. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬಾರದು. ಇಂಥ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿದರೆ ಏನಾಗುತ್ತದೆ? ಮೇಲಿನ ನಿಯಮ ನೆನಪಿಸಿಕೊಳ್ಳಿ. ಶಾಫ್ಟಿನ ವೇಗ ಸೊನ್ನೆ, ಸರಾಸರಿಯೂ ಸೊನ್ನೆ. ನೆಲದ ಚಕ್ರ ಮುಂದಕ್ಕೆ ಉರುಳಿದರೆ ಎತ್ತಿದ ಚಕ್ರ ಅಷ್ಟೇ ಹಿಂದಕ್ಕೆ ತಿರುಗುತ್ತದೆ. ಬ್ರೇಕ್ ಹಾಕಿದ್ದರೂ ಜೀಪು ಜಾಕ್‌ನಿಂದ ಜಾರಿ ಬೀಳಬಹುದು. ಅಡಿಯಲ್ಲಿ ಮನುಷ್ಯರಿದ್ದರೆ ಜೀವಕ್ಕೇ ಅಪಾಯ.

3. ಮೊದಲು ಮೇಲಿನ, ಅಂದರೆ ಆಯಿಲ್ ತುಂಬುವ ಬಿರಡೆಯನ್ನು ಬಿಚ್ಚಬೇಕು. ಅದು ತುಕ್ಕು ಹಿಡಿದು ಬಿಗಿದಿದ್ದರೆ ಆಗಲೇ ಗೊತ್ತಾಗುತ್ತದೆ. ಕೆಳಗಿನದನ್ನು ಮೊದಲು ತೆಗೆದು ಎಲ್ಲ ಸುರಿದ ಮೇಲೆ ಮೇಲಿನದು ಬರಲೇ ಇಲ್ಲ ಅಂದರೆ ಜೀಪು ನಿಂತಲ್ಲೇ ನಿಲ್ಲಬೇಕು.

4. ಕೆಳಗಿನ ಬಿರಡೆ ತೆಗೆದು ಆಯಿಲನ್ನು ಅಗಲ ಬಾಯಿಯ ಪಾತ್ರೆಗೆ ಇಳಿಸಬೇಕು. ಅದನ್ನು ಬೆಳಕಿನಲ್ಲಿ ನೋಡಬೇಕು. ಕಪ್ಪಾಗಿ, ನುಣ್ಣನೆಯ ಬೂದು ಪುಡಿ ಇದ್ದರೆ ಅದು ದಿನದಿನದ ಸವೆತ. ಲೋಹದ ಚೂರು ಸಿಕ್ಕಿದರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ.

5. ಕೆಳಗಿನದನ್ನು ಬಿಗಿದು, ಮೇಲಿನ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ಹೊಸ ಆಯಿಲ್ ತುಂಬಬೇಕು. ಸಿಜೆ-3ಬಿಯಂಥ ಜೀಪಿನಲ್ಲಿ ಒಂದೊಂದಕ್ಕೆ 1.2 ಲೀಟರ್ ಆಸುಪಾಸು ಬೇಕು. ನೆಲ ಓರೆಯಾಗಿದ್ದರೆ ಈ ಅಳತೆ ತಪ್ಪುತ್ತದೆ. ಫೋರ್‌ವೀಲ್ ಅಂದ ಮೇಲೆ ಮುಂದಿನದಕ್ಕೂ ಇದೇ ಕೆಲಸ ಮಾಡಬೇಕು.

ನೀರು ಒಳಗೆ ಹೋದದ್ದು ಹೇಗೆ?

ಘಾಟಿ ಹತ್ತಿ ಬಂದ ಡಿಫರೆನ್ಷಿಯಲ್ 80 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದುಕೊಳ್ಳಿ. ಮಳೆಗಾಲದ ತೋಡಿಗೆ ಇಳಿದ ಕೂಡಲೇ ಒಳಗಿನ ಗಾಳಿ 30 ಡಿಗ್ರಿಗೆ ತಣಿಯಿತು. ಕೆಲ್ವಿನ್‌ನಲ್ಲಿ ಇವು 353 ಮತ್ತು 303. ಗಾತ್ರ ಬದಲಾಗದಿದ್ದರೆ ಒತ್ತಡ ತಾಪಕ್ಕೆ ಅನುಪಾತದಲ್ಲಿರುತ್ತದೆ. 303 ÷ 353 = 0.86. ಅಂದರೆ ಒಳಗಿನ ಒತ್ತಡ ನೂರರಲ್ಲಿ 14 ಪಾಲು ಇಳಿಯಿತು. ಆಕ್ಸಲ್ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಸಣ್ಣ ದಾರಿ ಇರುತ್ತದೆ. ಅದು ಕೆಸರಿನಿಂದ ಮುಚ್ಚಿದ್ದರೆ ಗಾಳಿಯ ಬದಲು ನೀರು ರಬ್ಬರ್ ಸೀಲಿನ ಸಂದಿಯಿಂದ ನುಗ್ಗುತ್ತದೆ. ಆಯಿಲ್ ಬದಲಿಸಿ ಬ್ರೀದರ್ ತೊಳೆಯದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಪಾಡು.

ಹಳೇ ಆಯಿಲ್ ಎಲ್ಲಿಗೆ?

ತೋಡಿಗೂ ಬೇಡ, ತೋಟದ ಮೂಲೆಗೂ ಬೇಡ. ಆಯಿಲ್ ನೀರಿಗಿಂತ ಹಗುರ. ತೇಲುತ್ತಾ ತೆಳುವಾಗಿ ಹರಡಿ ನೀರಿಗೆ ಆಮ್ಲಜನಕ ಸೇರದಂತೆ ತಡೆಯುತ್ತದೆ. ಕಾಸರಗೋಡಿನ ಬಾಯಾರಿನಂಥ ಕಡೆ ಗುಡ್ಡ ಕೊರೆದ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಗುಡ್ಡದ ಮೇಲೆ ಚೆಲ್ಲಿದ್ದು ಮಣ್ಣಿನೊಳಗಿಂದ ಆ ನೀರಿಗೂ ಇಳಿಯಬಹುದು. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿಸಿ.

ಮಾಡಿ ನೋಡಿ, ಯೋಚಿಸಿ

1. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ಬಿಸಿನೀರು ಹಾಕಿ ಅಲುಗಿಸಿ, ಚೆಲ್ಲಿ, ಕೂಡಲೇ ಮುಚ್ಚಳ ಬಿಗಿಯಿರಿ. ತಣ್ಣೀರಲ್ಲಿ ಮುಳುಗಿಸಿ. ಬಾಟಲಿ ಯಾಕೆ ಕುಗ್ಗಿತು?

2. ಜೀಪಿನ ಒಂದು ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದೆ, ಇನ್ನೊಂದು ನಿಂತಿದೆ. ಕ್ರೌನ್ ವೀಲ್ ನಿಮಿಷಕ್ಕೆ 100 ಸುತ್ತು ತಿರುಗಿದರೆ ಕೆಸರಿನ ಚಕ್ರದ ಸುತ್ತು ಎಷ್ಟು?