ಮದ್ದಿನ ಜೀವಾಣು ಕರುಳು ಮುಟ್ಟುವವರೆಗೆ ಬದುಕಿರಬೇಕು

ಧಾರವಾಡ ತಾಲ್ಲೂಕಿನ ಅಮ್ಮಿನಬಾವಿಯಲ್ಲಿ ಮಲಪ್ರಭೆಯ ನೀರನ್ನು ಶುದ್ಧೀಕರಿಸಿ ಹುಬ್ಬಳ್ಳಿ-ಧಾರವಾಡಕ್ಕೆ ಕಳಿಸುವ ಘಟಕವಿದೆ. ನೀರಿಗೆ ಬೆರೆಸುವ ಕ್ಲೋರಿನ್ ಯಾವ ಜೀವಾಣು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ವಿಚಾರಿಸುವುದಿಲ್ಲ. ಮನುಷ್ಯನ ಜಠರವೂ ಇಂಥ ಒಂದು ಘಟಕವೇ. ಭೇದಿಗೆಂದು ನುಂಗಿದ ಉಪಕಾರಿ ಜೀವಾಣುಗಳಲ್ಲಿ ಬಹುಪಾಲು ಅಲ್ಲಿಯೇ ಸಾಯಬಹುದು.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆಯುವ ರಸಸಾರವನ್ನು ರೈತರೆಲ್ಲ ಬಲ್ಲರು. ಖಾಲಿ ಹೊಟ್ಟೆಯ ರಸಸಾರ 1.5ರಿಂದ 2ರಷ್ಟಿದ್ದು, ಊಟವಾದೊಡನೆ ಕೆಲಹೊತ್ತು 4-5ಕ್ಕೆ ಏರುತ್ತದೆ. ಜೀವಾಣುಗಳು ದಾಟಿ ಹೋಗಲು ಅದೇ ತಕ್ಕ ಸಮಯ. ಕೃತಕ ಜಠರದ ಮಾದರಿಯಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಊಟದ ಜೊತೆಗೆ ಅಥವಾ ಊಟಕ್ಕೆ ಅರ್ಧ ತಾಸು ಮೊದಲು ಕೊಟ್ಟ ಬ್ಯಾಕ್ಟೀರಿಯಗಳು ಹೆಚ್ಚಾಗಿ ಉಳಿದವು. ಊಟವಾಗಿ ಅರ್ಧ ತಾಸಿನ ನಂತರ ಕೊಟ್ಟವು ಕಡಿಮೆ ಉಳಿದವು. ತುಸು ಕೊಬ್ಬಿರುವ ಹಾಲು ನೀರಿಗಿಂತ ಮೇಲೆನಿಸಿತು. ಜಠರ ದಾಟಿದ ಮೇಲೆ ಪಿತ್ತರಸದ ಕಾಟ ಬೇರೆ.

ಕಡಲೆ ಬೀಜಕ್ಕೆ ರೈಜೋಬಿಯಂ ಹಚ್ಚುವ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ. ಪೊಟ್ಟಣವನ್ನು ಬಿಸಿಲಿಗಿಡುವುದಿಲ್ಲ, ಅವಧಿ ನೋಡಿಯೇ ಕೊಳ್ಳುತ್ತಾನೆ, ಬೆಲ್ಲದ ಪಾಕದ ಅಂಟಿನಲ್ಲಿ ಕಲಸಿ ನೆರಳಿನಲ್ಲಿ ಆರಿಸುತ್ತಾನೆ. ಔಷಧ ತಯಾರಕರೂ ಅದೇ ಜಾಡಿನಲ್ಲಿದ್ದಾರೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟಿನೊಳಗೆ ಜೀವಾಣುಗಳನ್ನು ಸಣ್ಣ ಮಣಿಗಳಂತೆ ಕಟ್ಟುವ ಪದ್ಧತಿಯುಂಟು. ಆಮ್ಲಕ್ಕೆ ಕರಗದೆ ಕರುಳಿನಲ್ಲಿ ಬಿಚ್ಚಿಕೊಳ್ಳುವ ಲೇಪದ ಗುಳಿಗೆಗಳೂ ಉಂಟು. ಅಂಥ ಗುಳಿಗೆಯನ್ನು ಅಗಿದರೆ ಅಥವಾ ಪುಡಿಮಾಡಿದರೆ ಲೇಪ ಹಚ್ಚಿದ್ದೇ ದಂಡ.

ಬ್ಯಾಸಿಲಸ್ ಕ್ಲಾಸಿಯೈ ಎಂಬ ಜೀವಾಣುವಿನ ರೀತಿ ಬೇರೆ. ಅದು ಒಣ ಬೀಜದಂತೆ ಗಟ್ಟಿ ಕವಚದ ಸ್ಪೋರ್ ರೂಪದಲ್ಲಿ ಮಲಗಿರುತ್ತದೆ. ಆಮ್ಲವನ್ನೂ ಬೇಸಿಗೆಯ ಸೆಕೆಯನ್ನೂ ತಡೆದುಕೊಳ್ಳುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗೆ ಈ ಕವಚವಿಲ್ಲ. ಆದ್ದರಿಂದ ಪೊಟ್ಟಣದ ಮೇಲೆ ತಂಪಿನಲ್ಲಿಡಲು ಬರೆದಿದ್ದರೆ ಹಾಗೆಯೇ ಇಡಬೇಕು, ಪುಡಿಯನ್ನು ಬಿಸಿ ಹಾಲಿಗೆ ಹಾಕಕೂಡದು. ಆಂಟಿಬಯಾಟಿಕ್ ನಡೆದಿದ್ದರೆ ಇವೆರಡರ ನಡುವೆ ಎರಡು ತಾಸಾದರೂ ಅಂತರವಿರಲಿ. ಸ್ಯಾಕರೊಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯವಲ್ಲ, ಯೀಸ್ಟ್. ಬ್ಯಾಕ್ಟೀರಿಯ ಕೊಲ್ಲುವ ಔಷಧ ಅದನ್ನು ಕೊಲ್ಲುವುದಿಲ್ಲ.

ಮನೆಯ ಮೊಸರೇ ಸಾಲದೇ ಎಂದು ಕೇಳುವವರಿದ್ದಾರೆ. ಮೊಸರು ಉತ್ತಮ ಆಹಾರವೇ ಹೌದು. ಆದರೆ ಹೆಪ್ಪು ಮನೆಯಿಂದ ಮನೆಗೆ ಬೇರೆ, ಅದರಲ್ಲಿರುವ ಅನೇಕ ಜೀವಾಣುಗಳು ಹಾಲಿನಲ್ಲಿ ಬೆಳೆಯುವುದರಲ್ಲಿ ಜಾಣರೇ ಹೊರತು ಆಮ್ಲ, ಪಿತ್ತರಸಗಳನ್ನು ಈಸುವುದರಲ್ಲಿ ಅಲ್ಲ. ಮಜ್ಜಿಗೆಯನ್ನು ಕುದಿಸಿ ಸಾರು ಮಾಡಿದ ಮೇಲಂತೂ ಜೀವಾಣುಗಳ ಮಾತೇ ಇಲ್ಲ.

ಕರುಳು ಮುಟ್ಟಿದ ಜೀವಾಣುವಿಗೆ ಅಲ್ಲಿ ಮೇವೂ ಬೇಕು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಕರುಳಿನಲ್ಲಿ ನೆಲೆನಿಲ್ಲುವ ಗುಣ ನೋಡಿ ಆರಿಸಿದ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ತಳಿಯನ್ನು ಅದರ ಮೇವಾದ ಫ್ರಕ್ಟೊ-ಆಲಿಗೊಸ್ಯಾಕರೈಡ್ ಸಕ್ಕರೆಯೊಡನೆ ಅರ್ಧದಷ್ಟು ಶಿಶುಗಳಿಗೆ ಏಳು ದಿನ ಕೊಡಲಾಯಿತು. ಎರಡು ತಿಂಗಳೊಳಗೆ ರಕ್ತನಂಜು ಇಲ್ಲವೆ ಸಾವಿಗೆ ತುತ್ತಾದವರು ಉಳಿದ ಶಿಶುಗಳಲ್ಲಿ ನೂರಕ್ಕೆ 9 ಇದ್ದರೆ, ಇವರಲ್ಲಿ 5.4 ಮಾತ್ರ. ಇದೇ ಜಾತಿಯ ಸಕ್ಕರೆಗಳು ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಲ್ಲಿವೆ. ದೊಡ್ಡವರು ಜೋಳದ ರೊಟ್ಟಿ, ಮೊಸರಿನ ಜೊತೆ ಹಸಿ ಉಳ್ಳಾಗಡ್ಡಿ ಕಡಿಯುವುದು ಈ ದೃಷ್ಟಿಯಿಂದ ಒಳ್ಳೆಯ ರೂಢಿ; ಭೇದಿ ನಿಂತ ಮೇಲೆ ತಿನ್ನಲಿ.

ಮಕ್ಕಳ ಭೇದಿಯಲ್ಲಿ ಪುಡಿ ಕೊಟ್ಟೆವೆಂದು ಓ.ಆರ್.ಎಸ್. ದ್ರಾವಣವನ್ನೂ ಸತುವಿನ ಗುಳಿಗೆಯನ್ನೂ ಬಿಡಕೂಡದು. ಜೀವ ಉಳಿಸುವುದು ಮೊದಲು ಅವೇ. ದಿನ ತುಂಬದೆ ಹುಟ್ಟಿದ ಕೂಸಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ವೈದ್ಯರು ಹೇಳದೆ ಯಾವ ಜೀವಾಣುವನ್ನೂ ಕೊಡತಕ್ಕದ್ದಲ್ಲ.