ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ: ಮನೆಯ ಭಂಡಾರ ನಷ್ಟವಾಗದಿರಲಿ



ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಯೇಸು ಒಬ್ಬ ಮನೆಯೊಡೆಯನನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ (13:52). ಆತನ ಭಂಡಾರದಲ್ಲಿ ಹಳೆಯದಕ್ಕೂ ಸ್ಥಾನವಿದೆ, ಹೊಸದಕ್ಕೂ ಸ್ಥಾನವಿದೆ. ಬೇಕಾದಾಗ ಎರಡೂ ಅವನ ಕೈಗೆ ಸಿಗುತ್ತವೆ.

ಹಿಂದೆ ನಮ್ಮ ಮನೆಗಳ ಭಂಡಾರವೆಂದರೆ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ. ಇಂದು ಅದರ ಅರ್ಧಭಾಗ ಕಂಪ್ಯೂಟರಿನಲ್ಲಿದೆ: ಮಗುವಿನ ಜ್ಞಾನಸ್ನಾನದ ಚಿತ್ರಗಳು, ಪ್ರಥಮ ಪರಮಪ್ರಸಾದದ ವೀಡಿಯೊ, ತೀರಿಕೊಂಡ ಅಜ್ಜ ಜಪಸರ ನಡೆಸುತ್ತಿದ್ದ ಧ್ವನಿ, ಜಮೀನಿನ ಪತ್ರಗಳ ಪ್ರತಿ. ವಿಂಡೋಸ್ 10ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆದ್ದರಿಂದ ಅನೇಕ ಮನೆಗಳಲ್ಲಿ, ಧರ್ಮಕೇಂದ್ರಗಳ ಕಚೇರಿಗಳಲ್ಲಿ ಹೊಸ ಯಂತ್ರ ಬರುತ್ತಿದೆ. ಹಳೆಯದು ಮೂಲೆ ಸೇರುವ ಮುನ್ನ ಅದರೊಳಗಿನದನ್ನು ಸಾಗಿಸುವುದು ಹೇಗೆಂದು ಈ ವಾರ ಕಲಿಯೋಣ.

ಧರ್ಮಸಭೆ ಕಲಿಸಿದ ಎಚ್ಚರ

ದಾಖಲೆ ಕಾಯುವುದನ್ನು ಧರ್ಮಸಭೆ ಎಂದೂ ಹಗುರವಾಗಿ ಕಂಡಿಲ್ಲ. ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ಆಜ್ಞಾಪಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳು ಇರಬೇಕೆನ್ನುತ್ತದೆ. ಹಳೆಯ ಪುಸ್ತಕಗಳನ್ನೂ ಜೋಪಾನವಾಗಿ ಕಾಯಬೇಕೆನ್ನುತ್ತದೆ. ಮದುವೆ ಗೊತ್ತಾದಾಗ ಜ್ಞಾನಸ್ನಾನದ ಪತ್ರಕ್ಕಾಗಿ ಕಚೇರಿಯ ಬಾಗಿಲಲ್ಲಿ ನಿಂತವರಿಗೆ ಆ ಒಂದು ಸಾಲಿನ ಬೆಲೆ ಗೊತ್ತು. ಕಂಪ್ಯೂಟರಿನಲ್ಲಿ ಹೆಸರುಗಳನ್ನು ಸೇರಿಸಿದ್ದೇವೆಂದು ಬರೆದ ಪುಸ್ತಕವನ್ನು ಕಡೆಗಣಿಸಬಾರದು. ಪುಸ್ತಕವೇ ಮೂಲ; ಕಂಪ್ಯೂಟರ್ ಹುಡುಕಲು ನೆರವಾಗುವ ಸಾಧನ.

1. ಮೊದಲು ಪಟ್ಟಿ ಮಾಡಿ

ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೆ ಪ್ರಭು ಶಿಷ್ಯರಿಂದ ಉಳಿದ ತುಂಡುಗಳನ್ನು ಕೂಡಿಸಿದರು. ಹನ್ನೆರಡು ಬುಟ್ಟಿ ತುಂಬಿತು (ಯೊವಾನ್ನ 6:12-13). ನಾವೂ ಹಾಗೆಯೇ ಮೂಲೆಮೂಲೆಯಿಂದ ಕೂಡಿಸಬೇಕು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವೀಡಿಯೊಸ್, ಡೌನ್‌ಲೋಡ್ಸ್ ಎಂಬ ಫೋಲ್ಡರುಗಳನ್ನೂ 'ಡಿ' ಡ್ರೈವನ್ನೂ ತೆರೆದು ನೋಡಿ, ಏನೇನಿದೆಯೆಂದು ಕಾಗದದ ಮೇಲೆ ಬರೆಯಿರಿ. ಲೆಕ್ಕಪತ್ರದ ತಂತ್ರಾಂಶವಿದ್ದರೆ ಅದರ ಮಾಹಿತಿ ಯಾವ ಫೋಲ್ಡರಿನಲ್ಲಿದೆಯೆಂದು ತಿಳಿದವರಿಂದ ಕೇಳಿಕೊಳ್ಳಿ. ತಂತ್ರಾಂಶಗಳು ಸಾಮಾನ್ಯವಾಗಿ ನಕಲಿನಿಂದ ಬರುವುದಿಲ್ಲ. ಅವನ್ನು ಹೊಸ ಯಂತ್ರದಲ್ಲಿ ಮತ್ತೆ ಸ್ಥಾಪಿಸಬೇಕು.

2. ನಕಲು ಮಾಡಿ, ಕತ್ತರಿಸಬೇಡಿ

ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಜೋಡಿಸಿ, ಫೋಲ್ಡರುಗಳಿಗೆ 'ಕಾಪಿ' ಕೊಟ್ಟು ಅಲ್ಲಿ 'ಪೇಸ್ಟ್' ಮಾಡಿ. 'ಕಟ್' ಬೇಡ. ಕಾಪಿಯಲ್ಲಿ ಮೂಲ ಹಳೆಯ ಜಾಗದಲ್ಲೇ ಉಳಿಯುತ್ತದೆ. ನಡುವೆ ವಿದ್ಯುತ್ ಹೋದರೂ ಆತಂಕವಿಲ್ಲ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುತ್ತದೆ. ಹಾಗಾಗಿ 100 ಜಿಬಿಗೆ ಒಂದು ಗಂಟೆ ಹಿಡಿಯಬಹುದು. ಚಿಕ್ಕ ಫೈಲುಗಳು ಸಾವಿರಾರು ಇದ್ದರೆ ಇನ್ನೂ ಹೆಚ್ಚು.

ಪೆನ್ ಡ್ರೈವ್ 'ಫ್ಯಾಟ್ 32' ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಸ್ವೀಕರಿಸದು. ಮದುವೆಯ ವೀಡಿಯೊ ನಿಂತುಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಖಾಲಿ ಡ್ರೈವನ್ನು 'ಎಕ್ಸ್‌ಫ್ಯಾಟ್' ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಈ ತೊಡಕು ನೀಗುತ್ತದೆ. ಫಾರ್ಮ್ಯಾಟ್ ಮಾಡಿದಾಗ ಅದರಲ್ಲಿರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ಹಳೆಯ ಯಂತ್ರ ಚಾಲೂ ಆಗದಿದ್ದರೆ ಎದೆಗುಂದಬೇಡಿ. ಅದರ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ, ಬಿಚ್ಚಿ ತೆಗೆದು ತಕ್ಕ ಕೇಬಲ್ ಮೂಲಕ ಹೊಸ ಯಂತ್ರಕ್ಕೆ ಜೋಡಿಸಬಹುದು. 'ಬಿಟ್‌ಲಾಕರ್' ಬೀಗ ಬಿದ್ದಿರುವ ಡಿಸ್ಕ್‌ಗೆ ಮಾತ್ರ 48 ಅಂಕಿಗಳ ಕೀಲಿ ಬೇಕಾಗುತ್ತದೆ.

3. ಸಾಗಿದ್ದನ್ನು ಪರೀಕ್ಷಿಸಿ

ಹಳೆಯ ಮತ್ತು ಹೊಸ ಫೋಲ್ಡರುಗಳ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ. ಫೈಲುಗಳ ಸಂಖ್ಯೆ, ಗಾತ್ರ ಎರಡೂ ಕಡೆ ಒಂದೇ ಇರಬೇಕು. ಬಳಿಕ ಪ್ರತಿ ಫೋಲ್ಡರಿನಿಂದ ನಾಲ್ಕಾರು ಫೈಲು ತೆರೆಯಿರಿ. ಹೆಸರು ಕಂಡರೆ ಸಾಲದು, ಚಿತ್ರ ಕಾಣಬೇಕು, ಧ್ವನಿ ಕೇಳಬೇಕು.

4. ಕನ್ನಡದ ಫೈಲುಗಳ ಮೇಲೆ ವಿಶೇಷ ಗಮನ

ಯೂನಿಕೋಡ್ ಬಳಕೆ ಹರಡುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳಲ್ಲಿ ಟೈಪಿಸಿದ ಕನ್ನಡ ಆಯಾ ಅಕ್ಷರವಿನ್ಯಾಸವನ್ನೇ, ಅಂದರೆ ಫಾಂಟನ್ನೇ, ಅವಲಂಬಿಸಿದೆ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲು ಕೆಟ್ಟಿತೆಂದು ಅಳಿಸಿಬಿಡುವವರಿದ್ದಾರೆ. ಅದು ಕೆಟ್ಟಿಲ್ಲ! ಹಳೆಯ ಯಂತ್ರದ 'ಫಾಂಟ್ಸ್' ಫೋಲ್ಡರಿನಿಂದ ಆ ಫಾಂಟುಗಳನ್ನೂ ತಂದು ಸ್ಥಾಪಿಸಿದರೆ ಬರಹ ಮತ್ತೆ ಕಾಣುತ್ತದೆ. ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ ಇನ್ನೊಂದು ಪ್ರತಿ ಇಡಿ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು. ಗಾಯನವೃಂದದ ಗೀತೆಗಳಾಗಲಿ, ಸದಸ್ಯರ ಹೆಸರುಗಳಾಗಲಿ, ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ.

5. ಮೂರು ಪ್ರತಿ, ಎರಡು ಬಗೆ, ಒಂದು ಬೇರೆಡೆ

ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಮನೆಯಲ್ಲಿ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ, ಇರಲಿ. ಬೆಂಕಿ, ನೆರೆ, ಕಳವು ಹೇಳಿ ಬರುವುದಿಲ್ಲ. ಹಳೆಯ ಸಿ.ಡಿ.ಗಳಲ್ಲಿ ಚಿತ್ರಗಳಿದ್ದರೆ ಈಗಲೇ ತೆಗೆಯಿರಿ, ಸಿ.ಡಿ. ಹಾಳಾಗುತ್ತದೆ, ಇಂದಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಜಾಗವೂ ಇಲ್ಲ.

6. ಹಳೆಯದನ್ನು ಬೀಳ್ಕೊಡುವಾಗ

ಒಂದು ತಿಂಗಳಾದರೂ ಹಳೆಯ ಯಂತ್ರವನ್ನು ಮುಟ್ಟದೆ ಇಡಿ. ಮರೆತದ್ದು ಅಷ್ಟರಲ್ಲಿ ನೆನಪಾಗುತ್ತದೆ. ಆಮೇಲೆ ಮಾರುವುದಾದರೆ, ಕೊಡುವುದಾದರೆ, ಬರೀ 'ಡಿಲೀಟ್' ಸಾಲದು. ಹಾಗೆ ಅಳಿಸಿದ್ದನ್ನು ಮತ್ತೆ ತೆಗೆಯಬಲ್ಲವರಿದ್ದಾರೆ. ವಿಂಡೋಸಿನ 'ರೀಸೆಟ್' ವ್ಯವಸ್ಥೆಯಲ್ಲಿ ಎಲ್ಲವನ್ನೂ ತೆಗೆದು ಡ್ರೈವನ್ನು ಶುಚಿಗೊಳಿಸುವ ಆಯ್ಕೆಯನ್ನು ಬಳಸಿ. ಧರ್ಮಕೇಂದ್ರದ ಕಂಪ್ಯೂಟರಿನಲ್ಲಿ ಪರರ ಕುಟುಂಬಗಳ ವಿವರಗಳಿರುತ್ತವೆ. ಅವರ ಗುಟ್ಟನ್ನು ಕಾಯುವುದು ನೆರೆಯವರ ಪ್ರೀತಿಗೆ ಸೇರಿದ ಕರ್ತವ್ಯ. ಕೆಟ್ಟ ಯಂತ್ರವನ್ನು ಕಸದ ತೊಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿ.

ಯಂತ್ರ ಮಾಡಲಾಗದ ಕೆಲಸ

ಕೇಬಲ್ ಚಿತ್ರವನ್ನು ಸಾಗಿಸುತ್ತದೆ. ಚಿತ್ರದಲ್ಲಿರುವವರು ಯಾರೆಂಬುದನ್ನು ಸಾಗಿಸುವುದಿಲ್ಲ. ಹಳೆಯ ಮದುವೆಯ ಪಟದಲ್ಲಿ ಎರಡನೇ ಸಾಲಿನಲ್ಲಿ ನಿಂತ ಹೆಂಗಸು ಯಾರೆಂದು ಬಲ್ಲವರು ಮನೆಯಲ್ಲಿ ಒಬ್ಬ ಅಜ್ಜಿ ಮಾತ್ರ ಇರಬಹುದು. ಅವರು ಪ್ರಭುವಿನ ಪಾದ ಸೇರಿದ ದಿನ ಆ ಹೆಸರೂ ಹೋಗುತ್ತದೆ. ಆದ್ದರಿಂದ ಅಜ್ಜಿಯನ್ನು ಪರದೆಯ ಮುಂದೆ ಕೂರಿಸಿ, ಮೊಮ್ಮಕ್ಕಳು ಒಂದೊಂದೇ ಪಟ ತೋರಿಸಿ, ಹೆಸರು, ಊರು, ವರ್ಷ ಕೇಳಿ ಫೈಲಿನ ಹೆಸರಿನಲ್ಲೇ ಬರೆಯಲಿ. ನವೆಂಬರ್ 2ರಂದು ಮೃತರನ್ನು ಸ್ಮರಿಸುವಾಗ ಆ ಪಟ್ಟಿ ಪ್ರಾರ್ಥನೆಗೂ ಒದಗುತ್ತದೆ.

ಎಲ್ಲವನ್ನೂ ಹೊತ್ತೊಯ್ಯಬೇಕೆಂದಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ ಬರೆದ ಕಟು ಪತ್ರಗಳಿದ್ದರೆ, ವ್ಯಾಜ್ಯ ತೀರಿ ಅವುಗಳ ಅಗತ್ಯ ಮುಗಿದಿದ್ದರೆ, ಅವು ಹಳೆಯ ಯಂತ್ರದೊಂದಿಗೇ ಅಳಿಯಲಿ. ಕ್ಷಮಿಸಿದ್ದನ್ನು ಮಕ್ಕಳ ಕಾಲಕ್ಕೆ ನಕಲು ಮಾಡಿಡುವುದು ಬೇಡ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಕಂಪ್ಯೂಟರ್ ಇಂದೇ ಕೆಟ್ಟರೆ ಮತ್ತೆ ಎಲ್ಲಿಯೂ ಸಿಗದಂಥದ್ದು ಯಾವುದು?
2. ನಮ್ಮ ಹಳೆಯ ಪಟಗಳಲ್ಲಿರುವವರ ಹೆಸರು ಬಲ್ಲ ಹಿರಿಯರು ಯಾರು? ಅವರೊಡನೆ ಎಂದು ಕುಳಿತುಕೊಳ್ಳೋಣ?
3. ನಾವು ಕಾಯಬೇಕಾದುದು ಯಾವುದು, ಕ್ಷಮಿಸಿ ಬಿಟ್ಟುಬಿಡಬೇಕಾದುದು ಯಾವುದು?

ಈ ವಾರದ ನಿರ್ಧಾರ: ಭಾನುವಾರದ ಪೂಜೆ ಮುಗಿಸಿ ಬಂದ ಮೇಲೆ ಮನೆಮಂದಿಯೆಲ್ಲ ಕೂಡಿ ಒಂದು ಫೋಲ್ಡರನ್ನಾದರೂ ನಕಲು ಮಾಡಿ, ತೆರೆದು ಪರೀಕ್ಷಿಸೋಣ.